ಕದಿರಯ್ಯನ ಗಂಟೆ

ತಿಥಿ ಮುಗಿಸಿಕೊಂಡು ಪುರವರದಿಂದ ಮಧುಗಿರಿಗೆ ಬಂದ ಮಾರನೆಯ ಬೆಳಿಗ್ಗೆ, ಆರೂವರೆಗೆ ಸರಿಯಾಗಿ ಅಂಜಿನಮೂರ್ತಿಯ ಫೋನಿನ ಅಲಾರಂ ಬಡಿದುಕೊಂಡಿತು. ಅನಸೂಯ ಎದ್ದು ಹೋಗಿ ನಿಲ್ಲಿಸಿದಳು. ಪರದೆಯ ಮೇಲೆ ಅವನು ಬರೆದಿಟ್ಟಿದ್ದ ಸಾಲು: ‘ಅನು ಕೈಲಿ ಗ್ರಾಫ್ ಓದಿಸು.’ ಅದನ್ನು ಅಳಿಸಬೇಕೆಂದು ಅವಳಿಗೆ ಅನ್ನಿಸಲಿಲ್ಲ, ಇರಲಿ ಎಂದೂ ಅನ್ನಿಸಲಿಲ್ಲ. ಹಾಲು ಕಾಯಿಸಿ ಕಾಫಿ ಬೆರೆಸಿಕೊಂಡಳು. ಲೋಟ ಹಿಡಿದು ಮುಂದಿನ ಕೋಣೆಗೆ ಬಂದು, ಮೇಜಿನ ಮೇಲಿನ ಧೂಳನ್ನು ಅಂಗೈಯಲ್ಲೇ ಸವರಿ, ಲ್ಯಾಪ್‌ಟಾಪ್ ತೆರೆದಳು. ಕಿಟಕಿಯಾಚೆ ಬೆಟ್ಟ ಇದ್ದಲ್ಲೇ ಇತ್ತು.

ನಾಲ್ಕು ವರ್ಷದಿಂದ ಆ ಮನೆಯಲ್ಲಿ ದಿನ ಶುರುವಾಗುತ್ತಿದ್ದದ್ದು ಹೀಗೆಯೇ. ಅವಳ ಗಂಡ ಅಂಜಿನಮೂರ್ತಿ ಮೊಬೈಲ್ ಆಟ ತಯಾರಿಸುವವನು. ಅವಳು ತುಮಕೂರಿನಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿದವಳು. ಹಿಂದಿನ ದಿನ ಎಷ್ಟು ಜನ ಆಡಿದರು, ಎಷ್ಟು ಹೊತ್ತು ಆಡಿದರು, ಯಾವ ಜಾಹೀರಾತು ಎಷ್ಟು ಮಂದಿಯ ಕಣ್ಣಿಗೆ ಬಿತ್ತು ಎಂಬುದನ್ನು ಅವಳು ಓದಿ ಹೇಳಬೇಕು. ಅವನು ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತು ‘ಹೂಂ’ಗುಟ್ಟಬೇಕು. ಹದಿಮೂರು ದಿನದ ಹಿಂದೆ ತಲೆನೋವೆಂದು ಮಲಗಿದವನನ್ನು ತುಮಕೂರಿನ ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ತಲೆಯೊಳಗಿನ ರಕ್ತನಾಳ ಒಡೆದುಹೋಗಿತ್ತು. ಅವನಿಗೆ ಮೂವತ್ತಮೂರು ವರ್ಷ.

ಅವನು ಮಾಡಿದ ಆಟಗಳಲ್ಲಿ ಜನ ಹಿಡಿದದ್ದು ಒಂದನ್ನೇ. ಅದರ ಹೆಸರು ‘ಮಂದೆ’. ಆಡುವವರು ಕುರಿ ಕಾಯುವವರಾಗಬೇಕು. ಮುಂದೆ ಗಂಟೆ ಕಟ್ಟಿದ ಹೋತ, ಹಿಂದೆ ನಲವತ್ತು ಕುರಿ. ಬೆಟ್ಟದಿಂದ ಇಳಿಸಿ, ಲಾರಿ ಓಡಾಡುವ ರಸ್ತೆ ದಾಟಿಸಿ, ಕುಂಟೆಯ ನೀರಿಗೆ ಮುಟ್ಟಿಸಬೇಕು. ಏನೂ ಮಾಡದೆ ಸುಮ್ಮನೆ ಕುಳಿತರೆ ಕುರಿಗಳು ಮೇಯುತ್ತಿರುತ್ತವೆ, ಗಂಟೆ ಅಲ್ಲಾಡುತ್ತಿರುತ್ತದೆ. ಪರದೆಯನ್ನು ಮುಟ್ಟಿದರೆ ಕುರಿ ಕಾಯುವವನು ಒಂದು ಕೂಗು ಹಾಕುತ್ತಾನೆ. ಆ ಕೂಗು ಅಂಜಿನಮೂರ್ತಿಯದೇ. ತಂದೆಯ ಮಂದೆಯ ಹಿಂದೆ ಹತ್ತು ವರ್ಷ ನಡೆದವನಿಗೆ ಅದನ್ನು ಬೇರೆಯವರಿಂದ ಹಾಕಿಸುವ ಅಗತ್ಯವಿರಲಿಲ್ಲ.

ಆಟ ಪುಕ್ಕಟೆ. ಪರದೆಯ ಕೆಳಗೆ ನಿಮಿಷಕ್ಕೊಂದು ಬದಲಾಗುವ ಜಾಹೀರಾತಿನ ಪಟ್ಟಿ, ಮಂದೆ ನೀರಿಗೆ ಮುಟ್ಟಿದಾಗ ಒಂದು ದೊಡ್ಡ ಜಾಹೀರಾತು. ಕಂಡದ್ದಕ್ಕೆ ಚೂರು, ಯಾರಾದರೂ ಒತ್ತಿದರೆ ಸ್ವಲ್ಪ ಹೆಚ್ಚು ದುಡ್ಡು; ಅಷ್ಟರಲ್ಲಿ ಮನೆ ನಡೆಯುತ್ತಿತ್ತು. ರಸ್ತೆ ದಾಟುವಾಗಲೂ ಒಂದು ತೂರಿಸಿದರೆ ಎರಡರಷ್ಟು ಬರುತ್ತದೆ ಎಂದು ಅವಳೇ ಒಮ್ಮೆ ಲೆಕ್ಕ ಹಾಕಿ ತೋರಿಸಿದ್ದಳು. “ಕುರಿ ರಸ್ತೆ ದಾಟೋವಾಗ ಯಾರೂ ಅಡ್ಡ ನಿಲ್ಲಬಾರ್ದು ಅನು, ಅವು ಸತ್ತೋಗ್ತವೆ” ಎಂದಿದ್ದ, ಪರದೆಯ ಕುರಿಗಳಿಗೂ ಜೀವವಿದ್ದಂತೆ.

ಇದನ್ನೆಲ್ಲ ಕಟ್ಟುವ ಸಾಫ್ಟ್‌ವೇರಿಗೆ ಗೇಮ್ ಎಂಜಿನ್ ಎನ್ನುತ್ತಾರೆ. ಆ ಎಂಜಿನ್ನಿನ ಕಂಪನಿಯೇ ಜಾಹೀರಾತನ್ನೂ ತಂದು ಹಾಕುತ್ತದೆ. ಅವಳ ಮಾವ ಓಬಯ್ಯ ಮೊದಲ ಸಲ ಆ ಹೆಸರು ಕೇಳಿದಾಗ, “ಎಂಜಿನ್ ಅಂದ್ರೆ, ಡೀಸೆಲ್ ಹಾಕ್ಬೇಕೇನ್ಲಾ?” ಎಂದು ಕೇಳಿದ್ದರು. “ಹೂಂ ಕಣಪ್ಪ. ಅದು ನೀರೆತ್ತುತ್ತೆ, ಇದು ಕುರಿ ಎತ್ತುತ್ತೆ” ಎಂದು ಮಗ ಹೇಳಿದ್ದ.

ತಿಥಿಯ ದಿನ ಹಿರಿಯರು ಜಗುಲಿಯ ಮೇಲೆ ಕುಳಿತು ಅವಳ ವಿಷಯ ಮಾತಾಡಿದ್ದರು. ಕೊರಟಗೆರೆಯಿಂದ ಬಂದಿದ್ದ ಅಣ್ಣ ರಂಗನಾಥ, ಒಬ್ಬಳೇ ಮಧುಗಿರಿಯಲ್ಲಿ ಇರುವುದು ಬೇಡ, ತವರಿಗೆ ಬರಲಿ ಎಂದ. ಅನಸೂಯ ತಲೆ ಎತ್ತದೆ ಒಂದೇ ಮಾತು ಹೇಳಿದಳು: “ಆಟ ನಡೀತಾ ಇದೆ. ಅದನ್ನ ನೋಡ್ಕೊಳ್ಳೋರು ಬೇಕು.” ಓಬಯ್ಯ, “ಆಟ ನಡೆಯೋಗಂಟ ಆಯಮ್ಮ ಅಲ್ಲೇ ಇರ್ಲಿ. ನಿಂತ್ರೆ ಆಗ ನೋಡಾನ” ಎಂದು ಮುಗಿಸಿದ್ದರು. ರಂಗನಾಥ ತಲೆಯಾಡಿಸಿದ್ದ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ: ಈ ಮೇಜು, ಈ ಕಿಟಕಿ, ಬೆಳಿಗ್ಗೆ ಓದಲು ಒಂದಿಷ್ಟು ಅಂಕಿ. ಯಾಕೆಂದು ಯಾರೂ ಕೇಳಲಿಲ್ಲ.

ಲ್ಯಾಪ್‌ಟಾಪಿನಲ್ಲಿ ಗ್ರಾಫಿಗಿಂತ ಮೊದಲು ಒಂದು ಇ-ಮೇಲ್ ಕಾಗದ ತೆರೆದುಕೊಂಡಿತು. ಜಾಹೀರಾತು ಕಂಪನಿಯದು. ನಾಲ್ಕು ದಿನ ಹಳೆಯದು. ‘ನಿಮ್ಮ ಆಟದಲ್ಲಿ ಜಾಹೀರಾತುಗಳ ಮೇಲೆ ಅಸಹಜ ಒತ್ತುವಿಕೆ ಕಂಡುಬಂದಿದೆ. ಸದ್ಯಕ್ಕೆ ಜಾಹೀರಾತುಗಳನ್ನು ತಗ್ಗಿಸಲಾಗಿದೆ. ಕಾರಣ ಪತ್ತೆಹಚ್ಚಿ, ಅದು ನಿಂತಿದೆ ಎಂದು ಹದಿನೈದು ದಿನದೊಳಗೆ ತಿಳಿಸದಿದ್ದರೆ ನಿಮ್ಮ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗುವುದು.’ ಕೆಳಗೆ ಊರುಗಳ ಪಟ್ಟಿ: ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ.

ಅವಳು ಗ್ರಾಫ್ ತೆರೆದಳು. ‘ಮಂದೆ’ ಆಡುವ ನೂರು ಜನರಲ್ಲಿ ಜಾಹೀರಾತನ್ನು ಒತ್ತುವವರು ಒಬ್ಬರೋ ಇಬ್ಬರೋ. ನಾಲ್ಕು ವರ್ಷದಿಂದ ಆ ಗೆರೆ ನೆಲಕ್ಕೆ ಅಂಟಿಕೊಂಡಂತೆ ಮಲಗಿತ್ತು. ಅವನು ಸತ್ತ ಐದನೆಯ ದಿನದಿಂದ ಅದು ಎದ್ದು ನಿಂತಿತ್ತು.

ಅವಳು ಶಿರಾದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಮೈದುನನಿಗೆ, ಅಂಜಿನಮೂರ್ತಿಯ ಚಿಕ್ಕಪ್ಪನ ಮಗ ನವೀನ್ ಕುಮಾರನಿಗೆ, ಫೋನು ಮಾಡಿದಳು. ಫೋನಿನ ವಿಷಯದಲ್ಲಿ ಆ ಮನೆತನದವರೆಲ್ಲ ಕೇಳುವುದು ಅವನನ್ನೇ.

“ಅತ್ತಿಗೆ, ನೋಡ್ಬುಟ್ರಾ?” ಅವನ ದನಿ ಅರಳಿತು. “ದೊಡ್ಡಪ್ಪ ಹೇಳ್ಬ್ಯಾಡ ಅಂದಿದ್ರು. ಹೆಂಗೈತೆ ಹೇಳಿ.”

“ಏನು ಹೆಂಗೈತೆ, ನವೀನ?”

“ಒತ್ತಿರೋದು! ಗ್ರೂಪ್ ಮಾಡಿವ್ನಿ. ಅರವತ್ತು ಜನ. ಬೆಳಗ್ಗೆ ನೂರು, ಸಂಜೆ ನೂರು, ತಪ್ಸಂಗಿಲ್ಲ. ನಮ್ಮ ಅಂಗ್ಡಿ ಟೇಬಲ್ ಮ್ಯಾಲೆ ಆರು ಹಳೇ ಫೋನು ಅದೇ ಕೆಲ್ಸಕ್ಕೇ ಮಡಗಿವ್ನಿ. ನೀವು ಫಿಕರ್ ಮಾಡ್ಬ್ಯಾಡಿ ಅತ್ತಿಗೆ, ಅಂಜಣ್ಣನ ಆಟ ಬರೋಬ್ಬರಿ ಓಡ್ತದೆ.”

ಅನಸೂಯ ಕಾಫಿಯ ಲೋಟವನ್ನು ಮೇಜಿನ ಅಂಚಿನಿಂದ ಒಳಗೆ ಸರಿಸಿದಳು.

“ಎಲ್ಲರಿಗೂ ನಿಲ್ಸೋಕೆ ಹೇಳು.”

“ಯಾಕೆ ಅತ್ತಿಗೆ, ಸಾಕಾಯ್ತಾ?”

“ಸಾಕಾಗಿದ್ದಲ್ಲ. ಆಟ ಮುಚ್ಚಿಹೋಗತ್ತೆ.”

“ನಾನು ಹೇಳಿದ್ರೆ ಯಾರೂ ಕೇಳಲ್ಲ. ದೊಡ್ಡಪ್ಪನ್ನೇ ಹಿಡೀರಿ” ಎಂದ ನವೀನ, ಬೇರೆಯದೇ ದನಿಯಲ್ಲಿ.

ಭಾನುವಾರ ಅವಳು ಪುರವರಕ್ಕೆ ಹೋದಳು. ಓಬಯ್ಯ ಜಗುಲಿಯ ಮೇಲೆ ಕಂಬಳಿ ಹಾಸಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಫೋನನ್ನು ಮೊಣಕಾಲಿಗೆ ಒರಗಿಸಿಕೊಂಡಿದ್ದರು. ಬೆರಳು ಸಾವಕಾಶವಾಗಿ ಒತ್ತುತ್ತಿತ್ತು, ತುಟಿ ಎಣಿಸುತ್ತಿತ್ತು. ಸೊಸೆಯನ್ನು ಕಂಡು ಫೋನನ್ನು ಕಂಬಳಿಯ ಕೆಳಗೆ ತಳ್ಳಿದರು. ಅರವತ್ತೆಂಟು ವರ್ಷದ ಮನುಷ್ಯ ಬೀಡಿ ಬಚ್ಚಿಟ್ಟಂತೆ.

“ಮಾವ, ಅದನ್ನ ಒತ್ತಬಾರ್ದು” ಎಂದಳು.

“ಯಾರು ಹೇಳಿದ್ದು? ಆ ನವೀನನಾ? ಬಾಯಿ ನಿಲ್ಲಲ್ಲ ಅವನಿಗೆ.” ಅವರು ಕನ್ನಡಕ ತೆಗೆದರು. “ನೋಡಮ್ಮ, ನಿಮ್ಮ ಮದ್ವೇಲಿ ಊರೋರೆಲ್ಲ ಮುಯ್ಯಿ ಮಾಡಿದ್ರು. ಅದು ನಲಿವಿಂದು. ಇದು ಇಂಗಾತು. ಈಗ ಕೈಗೆ ತಂದು ಕೊಟ್ರೆ ನೀನು ಇಸ್ಕಳಲ್ಲ, ನಂಗೊತ್ತು. ಅದ್ಕೆ ಎಲ್ಲಾರೂ ಸೇರಿ ಇಂಗೆ ಮಾಡುದ್ವು. ಕೊಟ್ಟಂಗೂ ಆತು, ನಿನ್ನ ಕೈ ಮುಂದಕ್ಕೆ ಬಂದಂಗೂ ಆಗ್ಲಿಲ್ಲ.”

ಅನಸೂಯ ಕಂಬಕ್ಕೆ ಒರಗಿ ಕುಳಿತಳು. ಕಂಪನಿಯ ಕಾಗದದಲ್ಲಿ ಇದಕ್ಕೆ ಇದ್ದ ಹೆಸರು ಬೇರೆ.

“ಜಾಹೀರಾತು ಹಾಕೋದು ಜನ ಒತ್ಲಿ ಅಂತ ತಾನೆ?” ಓಬಯ್ಯ ಬಿಡಲಿಲ್ಲ. “ಒತ್ತುದ್ರೆ ತಪ್ಪು ಅಂದ್ರೆ ಯಾವ ನ್ಯಾಯ?”

ಅವಳು ಯೋಚಿಸಿದಳು. “ಮಾವ, ನೀವು ಕುರಿ ಸಂತೆಗೆ ಮಂದೆ ಹೊಡ್ಕೊಂಡು ಹೋಗಿದ್ದೀರಿ ಅನ್ನಿ. ಬರೋರೆಲ್ಲ ಹಲ್ಲು ನೋಡ್ತಾರೆ, ಬೆನ್ನು ಹಿಸುಕ್ತಾರೆ, ಬೆಲೆ ಕೇಳ್ತಾರೆ, ಸುಮ್ನೆ ಹೋಗ್ತಾರೆ. ಇಡೀ ದಿನ. ಒಂದು ಮರಿಯೂ ಹೋಗಲ್ಲ. ಸಂಜೆ ನೋಡಿದ್ರೆ ಅವರೆಲ್ಲ ಸಂತೆ ಸುಂಕ ಎತ್ತೋನ ನೆಂಟರು, ತಲೆಗಿಷ್ಟು ಅಂತ ಅವನಿಗೆ ಸುಂಕ ಸಿಗ್ಲಿ ಅಂತ ಬಂದೋರು. ನಿಮಗೆ ಹೆಂಗಾಗತ್ತೆ?”

“ಸುಂಕದೋನ್ನ ತದಕ್ತೀನಿ.”

“ಜಾಹೀರಾತು ಕೊಟ್ಟೋನು ಕುರಿ ತಂದೋನು. ಸುಂಕದೋಳು ನಾನು.”

ಓಬಯ್ಯ ಕಂಬಳಿಯ ಕೆಳಗಿನಿಂದ ಫೋನು ತೆಗೆದು ಅವಳ ಮುಂದಿಟ್ಟರು. “ಹಂಗಾರೆ ನಾವು ಏನೂ ಮಾಡಂಗಿಲ್ವಾ?” ಎಂದರು. ಆ ಪ್ರಶ್ನೆ ಆಟದ ವಿಷಯಕ್ಕಿಂತ ದೊಡ್ಡದಾಗಿತ್ತು. ಅವಳು ಆಟದ ವಿಷಯಕ್ಕೆ ಮಾತ್ರ ಉತ್ತರಿಸಿದಳು.

“ಆಡಿ ಮಾವ. ಒತ್ತಿದ್ರೂ ಲೆಕ್ಕಕ್ಕೆ ಬರ್ದಂಗೆ ಮಾಡ್ಕೊಡ್ತೀನಿ. ಎಲ್ಲರ ಫೋನೂ ನನಗೆ ಬೇಕು.”

ಪ್ರತಿ ಫೋನಿನೊಳಗೂ ಜಾಹೀರಾತಿಗೆಂದೇ ಒಂದು ಉದ್ದನೆಯ ಗುರುತಿನ ಸಂಖ್ಯೆ ಇರುತ್ತದೆ. ಆಟ ಮಾಡುವವರು ತಮ್ಮ ಫೋನಿನ ಸಂಖ್ಯೆಯನ್ನು ಪರೀಕ್ಷೆಯ ಪಟ್ಟಿಗೆ ಸೇರಿಸಿಕೊಂಡರೆ, ಆ ಫೋನಿಗೆ ಬರುವುದು ಬರಿಯ ಮಾದರಿ ಜಾಹೀರಾತು. ಸಾವಿರ ಸಲ ಒತ್ತಿದರೂ ಯಾರಿಗೂ ಲಾಭವಿಲ್ಲ, ನಷ್ಟವಿಲ್ಲ. ಮನೆಯಲ್ಲಿ ಆಟ ಪರೀಕ್ಷಿಸಲು ಅಂಜಿನಮೂರ್ತಿ ಹಾಗೆ ಎರಡು ಫೋನು ಸೇರಿಸಿದ್ದ. ಅವಳು ಈಗ ಇಡೀ ಕುಲವನ್ನು ಸೇರಿಸಲು ಕುಳಿತಳು.

ಓಬಯ್ಯ ಹೇಳಿಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಜಗುಲಿಯ ಮುಂದೆ ಚಪ್ಪಲಿಗಳ ರಾಶಿ ಬಿತ್ತು. ಒಬ್ಬೊಬ್ಬರೇ ಬಂದು ಫೋನು ಕೊಟ್ಟರು, ಅವಳು ಸೆಟ್ಟಿಂಗ್ಸಿಗೆ ಹೋಗಿ ಸಂಖ್ಯೆ ಹುಡುಕಿ ನೋಟುಪುಸ್ತಕದಲ್ಲಿ ಬರೆದುಕೊಂಡಳು. ಮಾವನ ತಂಗಿ ಭೀಮಕ್ಕ ಕೊರಟಗೆರೆಯಿಂದ ಬಸ್ಸು ಹಿಡಿದು ಬಂದಿದ್ದಳು.

“ನಾನು ಒಂದು ದಿನಾನೂ ತಪ್ಪಿಸ್ಲಿಲ್ಲ ಕಣಮ್ಮ” ಎಂದು ಫೋನನ್ನು ಸೆರಗಿನಲ್ಲಿ ಒರೆಸಿ ಕೊಟ್ಟಳು. “ಶುಕ್ರವಾರ ಗೊರವನಹಳ್ಳಿ ಗುಡೀಲಿ ಸಾಲಿನಾಗೆ ನಿಂತ್ಕಂಡೇ ನೂರೂ ಒತ್ತಿವ್ನಿ. ಹಿಂದ್ಲೋಳು ‘ಮುಂದಕ್ಕೋಗೇ’ ಅಂತ ನೂಕುದ್ಲು. ‘ತಡಿಯೇ, ಇನ್ನೂ ಹನ್ನೆರಡು ಅವೆ’ ಅಂದೆ. ಲಕ್ಷ್ಮಮ್ಮನ ಮುಂದೆ ನಿಂತು ಒತ್ತಿರೋದೂ ಸುಳ್ಳು ಲೆಕ್ಕ ಅಂತಾರೇನು ಅವರು?”

“ಅಂತಾರತ್ತೆ.”

“ಅವ್ರ ಮನೆ ಹಾಳಾಗ.”

ಯಾರೋ ನಕ್ಕರು. ನಕ್ಕವರು ತಕ್ಷಣ ಅನಸೂಯಳ ಮುಖ ನೋಡಿದರು. ಅವಳೂ ನಗಬಹುದಿತ್ತು. ತಲೆ ಬಗ್ಗಿಸಿ ಭೀಮಕ್ಕನ ಸಂಖ್ಯೆಯನ್ನು ಎರಡನೆಯ ಸಲ ಸರಿನೋಡಿದಳು.

ಮಾರನೆಯ ದಿನ ಶಿರಾಕ್ಕೆ ಹೋಗಿ ನವೀನನ ಅಂಗಡಿಯ ಆರು ಫೋನನ್ನೂ ಬರೆದುಕೊಂಡು ಬಂದಳು. ಬುಧವಾರದ ಬೆಳಿಗ್ಗೆ ಆರೂವರೆಗೆ ಗ್ರಾಫ್ ತೆರೆದಾಗ ಶಿರಾದ ಗೆರೆ ಬಿದ್ದಿತ್ತು, ಕೊರಟಗೆರೆಯದು ಬಿದ್ದಿತ್ತು, ಮಧುಗಿರಿಯದು ಬಿದ್ದಿತ್ತು. ಪಾವಗಡದ ಗೆರೆ ಮಾತ್ರ ಹಾಗೇ ನಿಂತಿತ್ತು.

ಪಾವಗಡದಲ್ಲಿ ಅವರಿಗೆ ನೆಂಟರಿಲ್ಲ. ನವೀನನ ಗ್ರೂಪಿನಲ್ಲೂ ಆ ಕಡೆಯವರು ಯಾರೂ ಇಲ್ಲ. ಕಾಗದಕ್ಕೆ ಉತ್ತರ ಬರೆಯಲು ಉಳಿದಿದ್ದದ್ದು ಮೂರು ದಿನ. ಅವಳು ಕುರ್ಚಿ ಎಳೆದುಕೊಂಡು ಆ ಒಂದು ಗೆರೆಯ ಒಳಗೆ ಇಳಿದಳು.

ಅದು ಒಂದೇ ಫೋನು. ಅಂಜಿನಮೂರ್ತಿ ಇದ್ದಾಗಲೇ ಶುರುವಾಗಿದ್ದರೂ ಒಟ್ಟು ಗೆರೆಯಲ್ಲಿ ಅದೊಂದು ಎದ್ದು ಕಂಡಿರಲಿಲ್ಲ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಆಟ ಶುರು, ಮಧ್ಯಾಹ್ನ ಎರಡಕ್ಕೆ ಬಂದ್. ನಡುವೆ ಐದು ಗಂಟೆ ಒಮ್ಮೆಯೂ ನಿಂತಿಲ್ಲ. ಆಡುವವರು ಮಂದೆಯನ್ನು ಎಲ್ಲಿಗೂ ಕರೆದೊಯ್ದಿಲ್ಲ. ಕುರಿಗಳು ಬೆಟ್ಟದ ಮೇಲೇ ಮೇಯುತ್ತಿವೆ. ಆದರೆ ಪರದೆಯನ್ನು ಮುಟ್ಟುತ್ತಲೇ ಇದ್ದಾರೆ, ಜಾಹೀರಾತಿನ ಪಟ್ಟಿಯನ್ನೂ ಮುಟ್ಟುತ್ತಿದ್ದಾರೆ. ಹೊಸ ಜಾಹೀರಾತು ಬಂದಾಗ ಮನುಷ್ಯರ ಬೆರಳು ಅತ್ತ ಹೋಗುತ್ತದೆ. ಇಲ್ಲಿ ಹಾಗಿಲ್ಲ. ಕಳ್ಳ ಸಾಫ್ಟ್‌ವೇರ್ ಆಗಿದ್ದರೆ ಎಲ್ಲೋ ಒಂದು ತಾಳ ಇರಬೇಕು. ಅದೂ ಇಲ್ಲ. ಒಂದೇ ಸೆಕೆಂಡಿನಲ್ಲಿ ಮೂರು ಸಲ. ಆಮೇಲೆ ಹನ್ನೊಂದು ನಿಮಿಷ ಏನಿಲ್ಲ. ಮತ್ತೆ ಮೂಲೆಯಲ್ಲಿ ಒಮ್ಮೆ. ಎಂ.ಎಸ್ಸಿ.ಯಲ್ಲಿ ಓದಿದ ಯಾವ ಮಾದರಿಗೂ ಅದು ಹೊಂದಲಿಲ್ಲ.

ಆಟ ಶುರುವಾಗುವಾಗ ಮಂದೆಯ ಯಜಮಾನನ ಹೆಸರು ಕೇಳುತ್ತದೆ. ಎಂಜಿನ್ನಿನ ಪುಟದಲ್ಲಿ ಆ ಹೆಸರು ಸಿಗುತ್ತದೆ. ಅವಳು ನೋಡಿದಳು. ‘ಕದಿರಯ್ಯ.’

ಆ ಹೆಸರನ್ನು ಎಲ್ಲೋ ಕಂಡಿದ್ದಳು. ಅಂಜಿನಮೂರ್ತಿಯ ಫೋಲ್ಡರುಗಳನ್ನು ಒಂದೊಂದಾಗಿ ತೆರೆದಳು. ಸದ್ದುಗಳ ಫೋಲ್ಡರಿನಲ್ಲಿತ್ತು: ‘ಕದಿರಯ್ಯನ ಗಂಟೆ ೧’, ‘ಕದಿರಯ್ಯನ ಗಂಟೆ ೨ ಗಾಳಿ ಜಾಸ್ತಿ’, ‘ಕದಿರಯ್ಯನ ಗಂಟೆ ೭ ಮನೇಲಿ’. ಆಗ ನೆನಪಾಯಿತು. ಸಾಯುವುದಕ್ಕೆ ಮೂರು ವಾರ ಮುಂಚೆ ಅವನು ಪಾವಗಡದ ಕಡೆ ಬೈಕಿನಲ್ಲಿ ಹೋಗಿಬಂದಿದ್ದ. ಆಟದಲ್ಲಿದ್ದ ಗಂಟೆಯ ಸದ್ದು ಯಾವುದೋ ದೇಶದ ಹಸುವಿನದು, ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದು. ಅದು ಅವನಿಗೆ ಯಾವತ್ತೂ ಸರಿಬಂದಿರಲಿಲ್ಲ. ಬಂದು ಎರಡು ದಿನ ಕೋಣೆಯ ಬಾಗಿಲು ಹಾಕಿಕೊಂಡು, ಫ್ಯಾನು ಆರಿಸಿ, ಬೆವರುತ್ತ ಸದ್ದು ಹಿಡಿದಿದ್ದ. ಮುಂದಿನ ವಾರವೇ ಹೊಸ ಗಂಟೆಯ ‘ಮಂದೆ’ ಎಲ್ಲರ ಫೋನಿಗೂ ಹೋಗಿತ್ತು. ‘ಸೋಮವಾರ ವಾಪಸ್ ಕೊಟ್ಟು ಬರ್ತೀನಿ’ ಎಂದಿದ್ದ. ಯಾವ ಸೋಮವಾರ ಎಂದು ಹೇಳಿರಲಿಲ್ಲ.

ಮೇಜಿನ ಕೆಳಗಿನ ಖಾನೆಯಲ್ಲಿ ಟವೆಲ್ಲು ಸುತ್ತಿದ ಗಂಟೆ ಇತ್ತು. ಕಂಚಿನದು, ಅಂಗೈಯಷ್ಟು, ಅಂಚು ಸವೆದು ತೆಳ್ಳಗಾಗಿತ್ತು. ಎತ್ತಿದರೆ ಸದ್ದಾಗಲಿಲ್ಲ. ಒಳಗೆ ನೋಡಿದಳು. ಬೈಕಿನ ಮೇಲೆ ದಾರಿಯುದ್ದಕ್ಕೂ ಬಡಿದುಕೊಳ್ಳಬಾರದೆಂದು ಅವನು ನಾಲಿಗೆಯ ಸುತ್ತ ತನ್ನ ನೀಲಿ ಚೌಕಳಿಯ ಕರ್ಚೀಫು ತುರುಕಿದ್ದ. ಮರಳಿ ಒಯ್ಯಲೆಂದು ಮತ್ತೆ ಹಾಗೆಯೇ ತುರುಕಿಟ್ಟಿದ್ದ. ಅವಳು ಅದನ್ನು ಎಳೆಯಲಿಲ್ಲ.

ಅವನ ಫೋನಿನಲ್ಲಿ ‘ಕದಿರಯ್ಯ ಮೊಮ್ಮಗಳು ಭವ್ಯ’ ಎಂಬ ನಂಬರಿತ್ತು. ಎತ್ತಿಕೊಂಡದ್ದು ಕಾಲೇಜು ಹುಡುಗಿಯ ದನಿ. ಅನಸೂಯ ತಾನು ಯಾರೆಂದು ಹೇಳಿದಳು.

“ಅಕ್ಕಾ, ವಿಷ್ಯ ಗೊತ್ತಾಯ್ತು. ತಾತ ಬರಬೇಕು ಅಂತಿದ್ದ. ಮಂದೆ ಬಿಟ್ಟು ಬರಾಕಾಗ್ಲಿಲ್ಲ.”

“ಭವ್ಯ, ನಿನ್ನ ಫೋನಲ್ಲಿ ‘ಮಂದೆ’ ಆಟ ದಿನಾ ಐದು ಗಂಟೆ ಓಡ್ತಿದೆ. ಯಾರು ಆಡ್ತಾರೆ?”

“ಅಯ್ಯೋ ಅಕ್ಕಾ, ಅದು ನನ್ನ ಹಳೇ ಫೋನು. ಈಗ ನಂದಲ್ಲ.”

“ತಾತಂದಾ?”

“ತಾತಂದೂ ಅಲ್ಲ. ಹೋತಂದು.”

“ಹೋತಂದಾ?” ಎಂದಳು ಅನಸೂಯ.

“ನಿಜ ಅಕ್ಕಾ. ಅಂಜಣ್ಣ ಗಂಟೆ ತಗೊಂಡೋಗೋವಾಗ ಆಟ ಹಾಕ್ಕೊಟ್ಟು, ಮುಂದಿನ ವಾರದಿಂದ ನಿಮ್ಮ ಗಂಟೆ ಇದರಲ್ಲೇ ಬಡೀತದೆ ತಾತ, ನಾನು ಬರೋಗಂಟ ಇದನ್ನೇ ಕಟ್ಕಳಿ ಅಂತ ತಮಾಷೆ ಮಾಡಿದ್ದ. ತಾತ ಬೇರೆ ಗಂಟೆ ಕಟ್ಟಿ ನೋಡ್ದ, ಕುರಿ ಹಿಂದೆ ಹೋಗ್ಲಿಲ್ಲ. ರೋಡಲ್ಲಿ ಒಂದು ಮರಿ ಲಾರಿಗೆ ಸಿಕ್ತು. ಆಮೇಲೆ ಫೋನಲ್ಲಿ ಗಂಟೆ ಬಂತಲ್ಲ, ಪ್ಲಾಸ್ಟಿಕ್ ಕವರಿಗೆ ಹಾಕಿ ಹೋತನ ಕೊರಳಿಗೆ ಕಟ್ಟಿಬಿಟ್ಟ. ಚಾರ್ಜ್ ಮುಗಿಯೋಗಂಟ ಮೇಯಿಸ್ತಾನೆ, ಮುಗಿದ ಮೇಲೆ ಮನೆಗೆ ಹೊಡ್ಕೊಂಡು ಬರ್ತಾನೆ.”

ಫೋನು ಇಟ್ಟ ಮೇಲೆ ಅನಸೂಯ ಮತ್ತೆ ಆ ಗೆರೆ ನೋಡಿದಳು. ಹೋತ ತಲೆ ತಗ್ಗಿಸಿ ಮೇಯುವಾಗ ಕವರಿನಲ್ಲಿರುವ ಪರದೆ ಅದರ ಕೊರಳಿನ ಚರ್ಮಕ್ಕೆ ತಾಗುತ್ತದೆ. ಒಂದೇ ಸೆಕೆಂಡಿನಲ್ಲಿ ಮೂರು ಸಲ ತಾಗಿದ್ದು, ಬಹುಶಃ ಮೈ ಕೊಡವಿದಾಗ. ಹನ್ನೊಂದು ನಿಮಿಷ ಏನೂ ಇಲ್ಲದ್ದು ಮಲಗಿ ಮೆಲುಕು ಹಾಕುವಾಗ. ಇಷ್ಟು ದಿನ ಒಂದು ಹೋತ ರಮ್ಮಿಯ, ಸಾಲದ, ಸೋಪಿನ ಜಾಹೀರಾತುಗಳನ್ನು ಒತ್ತಿತ್ತು. ಅಂಜಿನಮೂರ್ತಿ ಇದ್ದಿದ್ದರೆ ಬಾಯಲ್ಲಿದ್ದ ಪೇಸ್ಟು ನೆಲಕ್ಕೆ ಬೀಳುವ ಹಾಗೆ ನಗುತ್ತಿದ್ದ. ಅದನ್ನು ಅವಳು ತಿಳಿದುಕೊಂಡಳು, ಒಂದು ಅಂಕಿಯನ್ನು ತಿಳಿದುಕೊಂಡ ಹಾಗೆ.

ಕಂಪನಿಗೆ ಉತ್ತರ ಬರೆಯತೊಡಗಿದಳು. ನೆಂಟರ ವಿಷಯ ಇದ್ದದ್ದನ್ನು ಇದ್ದಂತೆ ಬರೆದಳು. ಅರವತ್ತು ಜನರ ಫೋನು, ಅಂಗಡಿಯ ಆರು ಫೋನು, ಮುಯ್ಯಿ. ಪಾವಗಡದ ಫೋನಿನ ವಿಷಯವನ್ನೂ ಬರೆದಳು. ‘ಇದೂ ನಿಂತಿದೆ’ ಎಂಬ ಕೊನೆಯ ಸಾಲು ಮಾತ್ರ ಬರೆಯಲಾಗಲಿಲ್ಲ. ಅದು ಇನ್ನೂ ನಿಂತಿರಲಿಲ್ಲ.

ಮರುದಿನ ಬೆಳಿಗ್ಗೆ ಪಾವಗಡದ ಬಸ್ಸು ಹತ್ತಿದಳು. ಗಂಟೆ ಬ್ಯಾಗಿನಲ್ಲಿತ್ತು. ಮಿಡಿಗೇಶಿ ದಾಟಿದ ಮೇಲೆ ಬಸ್ಸಿನೊಳಗಿನ ಮಾತಿಗೆ ತೆಲುಗು ಬೆರೆಯತೊಡಗಿತು. ಪಾವಗಡಕ್ಕೆ ನಾಲ್ಕು ಮೈಲಿ ಇರುವಾಗ, ಭವ್ಯ ಹೇಳಿದ್ದ ಊರ ಗೇಟಿನ ಸ್ಟಾಪಿನಲ್ಲಿ ಇಳಿದಳು. ಒಂದು ಚಹಾ ಅಂಗಡಿ, ಒಂದು ಬೇವಿನ ಮರ. ರಸ್ತೆಯಾಚೆ ಗುಂಡುಗಲ್ಲುಗಳ ಬೋರೆ, ಸಣ್ಣ ದಿಬ್ಬ. ಮಂದೆ ಕಾಣಿಸಲಿಲ್ಲ.

ಅಂಗಡಿಯವನನ್ನು ಕೇಳಲು ತಿರುಗಿದಾಗ ಕೂಗು ಕೇಳಿಸಿತು.

“ಹೊರ್ರ್ರ್... ಬ್ಬಾ, ಬ್ಬಾ, ಬ್ಬಾ.”

ಬೋರೆಯ ಹಿಂದಿನಿಂದ ಬಂತು. ಕೊನೆಯ ‘ಬ್ಬಾ’ ಅಂಜಿನಮೂರ್ತಿಯದೇ ರೀತಿಯಲ್ಲಿ ಸ್ವಲ್ಪ ಮೂಗಿನಿಂದ. ಅವಳು ದಿನವೂ ಓದುತ್ತಿದ್ದದ್ದು ಗ್ರಾಫು, ಗ್ರಾಫಿಗೆ ಸದ್ದಿಲ್ಲ. ಅವನು ಹೋದ ಮೇಲೆ ಆಟವನ್ನು ಅವಳು ತೆರೆದಿರಲಿಲ್ಲ. ಕೂಗು ಇನ್ನೊಮ್ಮೆ ಬಂತು. ಅವಳು ರಸ್ತೆ ದಾಟಿ ಅದು ಬಂದ ಕಡೆ ನಡೆದಳು. ಬೇಗ ನಡೆಯಲಿಲ್ಲ, ನಿಲ್ಲಲೂ ಇಲ್ಲ.

ಬೋರೆಯ ಆಚೆ ನೂರಕ್ಕೂ ಹೆಚ್ಚು ಕುರಿ ಹರಡಿಕೊಂಡಿದ್ದವು. ಮುಂದೆ ಕಪ್ಪು ಹೋತ. ಅದರ ಕೊರಳಲ್ಲಿ ಬ್ರೆಡ್ಡಿನ ಪ್ಲಾಸ್ಟಿಕ್ ಕವರು, ಕವರಿನೊಳಗೆ ಬೆಳಗುತ್ತಿರುವ ಫೋನು. ಅಲ್ಲಿಂದ ಗಂಟೆಯ ಸದ್ದು ತೆಳ್ಳಗೆ ಬರುತ್ತಿತ್ತು. ಬಂಡೆಯ ನೆರಳಿನಲ್ಲಿ ಕೋಲು ಹಿಡಿದು ಕುಳಿತಿದ್ದ ಮುದುಕ ಎದ್ದು ನಿಂತ.

“ಏಮಮ್ಮಾ, ಯಾರು ಬೇಕಾಗಿತ್ತು?”

“ನಾನು ಅಂಜಿನಮೂರ್ತಿ ಮನೆಯವಳು, ತಾತ. ಮಧುಗಿರಿ.”

ಕದಿರಯ್ಯ ತಲೆಯ ಮೇಲಿನ ಟವೆಲ್ಲು ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡ. “ಕುಂತ್ಕೋ ತಲ್ಲೀ” ಎಂದು ತಾನು ಕುಳಿತಿದ್ದ ಬಂಡೆ ತೋರಿಸಿದ. ಅವಳು ಕುಳಿತಳು. ಅವನು ನಿಂತೇ ಇದ್ದ.

“ಗಂಟೆ ತಂದಿದ್ದೀನಿ” ಎಂದಳು. “ನೀವೊಂದು ಫೋನು ಮಾಡಿಸಬೇಕಾಗಿತ್ತು. ನನಗೆ ಗೊತ್ತಿರಲಿಲ್ಲ.”

“ಹೆಂಗಮ್ಮಾ ಮಾಡ್ಸೋದು? ಸಾವಾಗಿರೋ ಮನೆಗೆ ಫೋನು ಹಚ್ಚಿ ನನ್ನ ಗಂಟೆ ಕೊಡು ಅನ್ನಾಕಾಗ್ತದಾ? ಪೋನೀಲೇ, ಹೋಗ್ಲಿ ಬಿಡು, ಹೆಂಗೋ ನಡೀತಿತ್ತು.” ಹೋತನ ಕಡೆ ಗಲ್ಲ ಎತ್ತಿ ತೋರಿಸಿದ. “ಮಧ್ಯೆ ಮಧ್ಯೆ ಒಬ್ಬಾಕೆ ಸಾಲ ಬೇಕಾ, ಸಾಲ ಬೇಕಾ ಅಂತ ಅರಚ್ತಾಳೆ. ಆಗ ಕುರಿ ಬೆದರ್ತವೆ. ಆಮೇಲೆ ನಿನ್ನ ಗಂಡ ಒಂದು ಕೂಗು ಹಾಕ್ತಾನೆ, ಸರಿಹೋಗ್ತವೆ. ಆತ ಸತ್ತ ಅಂತ ಭವ್ಯ ಹೇಳಿದ ದಿನಾನೂ ಇಲ್ಲಿ ಕೂಗ್ತಾನೇ ಇದ್ದ.” ಹೇಳಬಾರದ್ದನ್ನು ಹೇಳಿದೆನೇನೋ ಎಂದು ಅವಳ ಕಡೆ ನೋಡಿದ.

“ಆ ಅರಚೋಳನ್ನ ಒತ್ತಿ ಒತ್ತಿ ನಿಮ್ಮ ಹೋತ ನಮ್ಮ ಆಟ ಮುಚ್ಚಿಸೋದ್ರಲ್ಲಿತ್ತು ತಾತ” ಎಂದಳು ಅನಸೂಯ. ಮೂರು ಮಾತಿನಲ್ಲಿ ವಿಷಯ ತಿಳಿಸಿದಳು.

ಕದಿರಯ್ಯನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. “ಲೇ ದೊಂಗ!” ಎಂದು ಹೋತನನ್ನು ಬೈದ. “ಮೇಯಾಕೆ ಬಿಟ್ರೆ ಕಂಪನೀಗೇ ಕೈ ಹಾಕಿದ್ದೀಯೇನ್ಲಾ ಕಳ್ಳಾ?” ಅವಳಿಗೆ ತುಟಿಯ ಒಂದು ಮೂಲೆ ಎಳೆದಂತಾಯಿತು. ಮೂರು ವಾರದಿಂದ ಆ ಮೂಲೆ ಅಲ್ಲಾಡಿರಲಿಲ್ಲ.

ಅವನು ಹೋತನ ಕೊಂಬು ಹಿಡಿದು ಎಳೆದು ತಂದ. ಕೊರಳಿನಿಂದ ಕವರು ಬಿಚ್ಚಿ, ಫೋನು ತೆಗೆದು ಅವಳಿಗೆ ಕೊಟ್ಟ. “ನಂಗೆ ಆಫ್ ಮಾಡಾಕೆ ಬರಲ್ಲ. ದಿನಾ ತಾನೇ ಸಾಯ್ತದೆ. ನೀನೇ ಮಾಡು.”

ಫೋನು ಬಿಸಿಯಾಗಿತ್ತು, ಹೋತನ ವಾಸನೆ ಹೊಡೆಯುತ್ತಿತ್ತು. ಪರದೆಯ ಮೇಲೆ ಪುಟ್ಟ ಕುರಿಗಳು ಬೆಟ್ಟದ ಮೇಲೆ ಮೇಯುತ್ತಿದ್ದವು. ಅವಳು ನೋಟುಪುಸ್ತಕ ತೆಗೆದು ಈ ಫೋನಿನ ಸಂಖ್ಯೆಯನ್ನೂ ಬರೆದುಕೊಂಡಳು. ಆಟಕ್ಕೆ ಮರಳಿದಳು. ಹೆಬ್ಬೆರಳಿನಿಂದ ಬೆಟ್ಟದ ಮೇಲೆ ಒಮ್ಮೆ ಮುಟ್ಟಿದಳು.

“ಹೊರ್ರ್ರ್... ಬ್ಬಾ, ಬ್ಬಾ, ಬ್ಬಾ.”

ಕುರಿಗಳು ತಲೆ ಎತ್ತಿದವು, ಪರದೆಯವೂ, ಬೋರೆಯವೂ. ಕೂಗು ಪೂರ್ತಿ ಮುಗಿಯುವವರೆಗೆ ಕಾದು ಅವಳು ಆಟ ಮುಚ್ಚಿದಳು. ಫೋನನ್ನು ಅವನಿಗೆ ಮರಳಿಸಿದಳು.

ಬ್ಯಾಗಿನಿಂದ ಟವೆಲ್ಲು ಬಿಡಿಸಿ ಗಂಟೆ ತೆಗೆದು, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಕದಿರಯ್ಯ ಅದನ್ನು ಅಲ್ಲಾಡಿಸಿದ, ಸದ್ದು ಬರಲಿಲ್ಲ. ಮಗುಚಿ ನೋಡಿದ. ಬೆರಳು ಹಾಕಿ ಕರ್ಚೀಫು ಎಳೆದು, ಕೊಡವಿ, ನಾಲ್ಕು ಮಡಿಕೆ ಮಾಡಿ ಅವಳ ಕೈಗಿಟ್ಟ.

“ಇದು ನಿಂದು” ಎಂದು ಗಂಟೆಯನ್ನು ಹೋತನ ಕೊರಳಿಗೆ ಕಟ್ಟಿದ.